ದೇವರ ಜಗಲಿ ಮೇಲಿನ ಮಾಸ್ಕು

ನದಿಯ ದಂಡೆಯಲ್ಲಿ ಒಂದು ಮಠ. ಮಠಕ್ಕೊಂದು ದಾಸೋಹದ ಮನೆ. ಅದಕ್ಕೆ ಸಿಮೆಂಟ್ ಶೀಟಿನ ಸೂರು.

ಆ ಸೂರು ಹಾಕಿದವರು ಗುರುಗಳೇ. ಆಗ ಅವರಿನ್ನೂ ಶಿಷ್ಯರು. ಗರಗಸ ಹಿಡಿದು ಶೀಟು ಕೊಯ್ದು, ಬಿಳಿ ಧೂಳಿನಲ್ಲಿ ಮುಳುಗಿ ಎದ್ದಿದ್ದರು. ಕಂಡವರು, ಮೈತುಂಬ ವಿಭೂತಿ ಧರಿಸಿದಂತೆ ಇದೆ ಎಂದು ಕೈ ಮುಗಿದಿದ್ದರು.

ಈಗ ಊರವರ ಬಾಯಲ್ಲಿ 'ಅಜ್ಜಾರು' ಆಗಿರುವ ಗುರುಗಳು ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಾರೆ. ಭಕ್ತರು ಅದನ್ನು ಮೌನದ ಮಹಿಮೆ ಎನ್ನುತ್ತಾರೆ. ಡಾಕ್ಟರು ಬೇರೆ ಏನೋ ಎನ್ನುತ್ತಾರೆ. ಊರಲ್ಲಿ ಭಕ್ತರ ಮಾತೇ ಹೆಚ್ಚು ಓಡುತ್ತದೆ.

ಒಂದು ದಿನ ಬಿರುಗಾಳಿಗೆ ಸೂರು ಒಡೆಯಿತು. ಒಂದು ಚೂರು ಅನ್ನದ ಕೊಪ್ಪರಿಗೆಗೇ ಬಿತ್ತು. ಇಳಿಸದೆ ಗತಿಯಿರಲಿಲ್ಲ.

ಗುರುಗಳು ಶಿಷ್ಯ ಷಡಕ್ಷರಿಯನ್ನು ಕರೆದರು.

"ಸೂರು ಇಳಿಸುವವರಿಗೆ ಕಲಿಸು ತಮ್ಮಾ."

"ಏನು ಕಲಿಸಲಿ?"

"ನನಗೆ ಯಾರೂ ಕಲಿಸದ್ದನ್ನು."

ಷಡಕ್ಷರಿ ಪಟ್ಟಣಕ್ಕೆ ಹೋಗಿ ತರಬೇತಿ ಪಡೆದ. ಬರುವಾಗ ಒಂದು ಪ್ರಮಾಣಪತ್ರ, ಒಂದು ಚೀಲ ಮಾಸ್ಕು ಮತ್ತು ಅಪಾರ ಉತ್ಸಾಹ ತಂದ.

ಕೆಲಸದವರು ಬೇವಿನ ಮರದ ಕೆಳಗೆ ಕೂತರು. ಅವರ ಮೇಸ್ತ್ರಿ ಹುಲುಗಪ್ಪ ಮುಂದೆ ಕೂತ. ಅವನ ಹೆಂಡತಿ ಗಂಗವ್ವ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಿಂದೆ ಕೂತಳು.

"ಈ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇದೆ," ಎಂದ ಷಡಕ್ಷರಿ. "ಒಡೆದರೆ, ಕೊಯ್ದರೆ, ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಏಳುತ್ತವೆ. ಎದೆಯೊಳಗೆ ಹೋದದ್ದು ಹೊರಗೆ ಬರುವುದಿಲ್ಲ. ಅದಕ್ಕೆ ಶೀಟು ನೆನೆಸಿ, ಒಡೆಯದೆ ಬಿಚ್ಚಬೇಕು. ಒಣ ಕಸಬರಿಗೆಯಿಂದ ಗುಡಿಸಬಾರದು. ಆ ಧೂಳಿನ ಅಂಗಿಯಲ್ಲಿ ಮನೆಗೆ ಹೋಗಿ ಕೂಸನ್ನು ಎತ್ತಿಕೊಳ್ಳಬಾರದು."

"ಎದಿಗೆ ಹೋದ್ರ ಯಾವಾಗ ಸಾಯ್ತೀವ್ರಿ, ಸ್ವಾಮೇರ?" ಎಂದ ಹುಲುಗಪ್ಪ.

"ಇಪ್ಪತ್ತು ವರ್ಷಕ್ಕೋ, ಮೂವತ್ತು ವರ್ಷಕ್ಕೋ."

ಎಲ್ಲರ ಮುಖದಲ್ಲೂ ನೆಮ್ಮದಿ ಕಂಡಿತು.

"ಅಲ್ಲೀತನಾ ಗ್ಯಾರಂಟಿ ಕೊಡ್ತೀರೇನ್ರಿ? ನಮ್ಮಪ್ಪ ನಲವತ್ತಕ್ಕ ಹೋದ," ಎಂದ ಹುಲುಗಪ್ಪ.

ಷಡಕ್ಷರಿ ಮಾಸ್ಕು ತೆಗೆದು ಹುಲುಗಪ್ಪನ ಮುಖಕ್ಕೆ ಕಟ್ಟಿದ. ಎರಡು ಕೆನ್ನೆಗೂ ಒಂದೊಂದು ದುಂಡನೆಯ ಡಬ್ಬಿ.

"ಹಂದಿ ಮೂತಿ!" ಎಂದರು ಯಾರೋ. ಮರದ ಕೆಳಗೆಲ್ಲ ನಗು.

"ಇದನ್ನ ಹಾಕ್ಕೊಂಡೇ ಮನಿಗೆ ಬಾ," ಎಂದಳು ಗಂಗವ್ವ. "ಮೊದಲಿಗಿಂತ ಚೊಲೊ ಕಾಣ್ತಿ."

ಆ ದಿನ ಚೀಲದಿಂದ ಒಂದು ಮಾಸ್ಕೂ ಖರ್ಚಾಗಲಿಲ್ಲ.

ಷಡಕ್ಷರಿ ಯೋಚಿಸಿದ. ನನ್ನ ಕೈಯಿಂದ ಬಂದರೆ ಹಂದಿ ಮೂತಿ. ಗುರುಗಳ ಕೈಯಿಂದ ಬಂದರೆ ಯಾರು ನಗುತ್ತಾರೆ?

"ನೀವೇ ಹಂಚಬೇಕು," ಎಂದು ಗುರುಗಳನ್ನು ಬೇಡಿದ.

"ಬೇಡ ತಮ್ಮಾ. ನನ್ನ ಕೈಗೆ ಬಂದದ್ದು ಕೆಲಸಕ್ಕೆ ಬರುವುದಿಲ್ಲ."

ಷಡಕ್ಷರಿ ಅದನ್ನು ವಿನಯ ಎಂದುಕೊಂಡ. ಹಟ ಹಿಡಿದ.

ಗುರುಗಳು ಹಂಚಿದರು. ಒಬ್ಬೊಬ್ಬರೇ ಬಾಗಿ ಬಂದು, ಎರಡೂ ಕೈಯಲ್ಲಿ ಪಡೆದು, ಕಣ್ಣಿಗೆ ಒತ್ತಿಕೊಂಡರು. ಯಾರೂ ನಗಲಿಲ್ಲ. ಷಡಕ್ಷರಿಗೆ ಹೊಟ್ಟೆ ತುಂಬಿತು.

ಮರುದಿನ ಕೆಲಸ ಶುರುವಾಯಿತು. ಶೀಟು ಒಣಗಿಯೇ ಇತ್ತು. ಹುಲುಗಪ್ಪ ಸುತ್ತಿಗೆಯಿಂದ ಬಡಿಯುತ್ತಿದ್ದ. ಬಾಯಿಗೆ ಟವೆಲು ಸುತ್ತಿದ್ದ. ಎಲ್ಲರೂ ಹಾಗೇ ಇದ್ದರು.

"ನೀರು ಹಾಕಲಿಲ್ಲವೇಕೆ?" ಎಂದು ಷಡಕ್ಷರಿ ಕೇಳಿದ.

"ನೆನೆದ್ರ ಕಾಲು ಜಾರ್ತೈತ್ರಿ. ಜಾರಿದ್ರ ಮೂವತ್ತು ವರ್ಷ ಕಾಯೂದಿಲ್ಲ."

"ಮಾಸ್ಕು?"

"ಮನ್ಯಾಗ ಐತ್ರಿ. ದೇವರ ಜಗಲಿ ಮ್ಯಾಲ."

"ಎರಡೂ ಡಬ್ಬಿಗೆ ಕುಂಕುಮ ಹಚ್ಚೀನ್ರಿ," ಎಂದಳು ಗಂಗವ್ವ ಕೆಳಗಿನಿಂದ.

"ಅದು ಹಾಕಿಕೊಳ್ಳಲಿಕ್ಕೆ ಕೊಟ್ಟದ್ದು!"

"ಅಜ್ಜಾರ ಕೈಯಾಗಿನ ಪ್ರಸಾದನ ಈ ಹೊಲಸು ಧೂಳಾಗ ಹಿಡೀಲೇನ್ರಿ?" ಎಂದ ಹುಲುಗಪ್ಪ. "ನಮಗ ನರಕದಾಗೂ ಜಾಗ ಸಿಗೂದಿಲ್ಲ."

ಷಡಕ್ಷರಿ ಓಡಿದ. ಗುರುಗಳು ಕೇಳಿ ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವ ತನಕ ಷಡಕ್ಷರಿ ಅವರ ಬೆನ್ನು ಹಿಡಿದುಕೊಂಡಿದ್ದ.

"ನಡಿ. ನೋಡಿಯಾದರೂ ಕಲಿಯಲಿ."

ಚೀಲದ ತಳದಲ್ಲಿ ಉಳಿದಿದ್ದ ಮಾಸ್ಕನ್ನು ಗುರುಗಳು ಕಟ್ಟಿಕೊಂಡರು. ಅದರೊಳಗೆ ಅವರಿಗೆ ಉಸಿರು ಇನ್ನಷ್ಟು ಕಷ್ಟವಾಯಿತು. ಷಡಕ್ಷರಿಯ ಹೆಗಲು ಹಿಡಿದು ದಾಸೋಹದ ಮನೆಗೆ ಬಂದರು.

ಅವರನ್ನು ಕಂಡದ್ದೇ ಸುತ್ತಿಗೆಗಳು ನಿಂತವು. ಎಲ್ಲರೂ ಸರಸರನೆ ಕೆಳಗಿಳಿದರು. ಹಿರಿಯರ ಮುಂದೆ ನಿಲ್ಲುವ ರೀತಿಯಲ್ಲಿ, ಬಾಯಿಯ ಟವೆಲು ಬಿಚ್ಚಿ ಸೊಂಟಕ್ಕೆ ಕಟ್ಟಿದರು. ಏಳುತ್ತಿದ್ದ ಧೂಳಿನಲ್ಲಿ ಬರಿಮುಖದಲ್ಲಿ ಕೈ ಮುಗಿದು ನಿಂತರು.

"ಟವೆಲಾದರೂ ಕಟ್ಟಿಕೊಳ್ಳಿರೋ!" ಎಂದು ಷಡಕ್ಷರಿ ಕೂಗಿದ.

"ಅಜ್ಜಾರ ಮುಂದ ಮುಖಾ ಮುಚ್ಕೊಂಡು ನಿಂದ್ರಾಕ ನಾವೇನ್ ಕಳ್ಳರೇನ್ರಿ?" ಎಂದ ಹುಲುಗಪ್ಪ.

ಗುರುಗಳು ತಿರುಗಿ ನಡೆದರು. ಅವರು ಮರೆಯಾದ ಮೇಲೆಯೇ ಟವೆಲುಗಳು ಮತ್ತೆ ಬಾಯಿಗೆ ಏರಿದವು.

"ಕೆಲಸ ನಿಲ್ಲಿಸಿಬಿಡಲೇ?" ಎಂದ ಷಡಕ್ಷರಿ ದಾರಿಯಲ್ಲಿ.

"ನಿಲ್ಲಿಸು. ನಾಳೆ ಅಕ್ಕಿ ಗಿರಣಿಯ ಸೂರು ಇಳಿಸಲು ಹೋಗುತ್ತಾರೆ. ಅಲ್ಲಿ ಬೇಡ ಎನ್ನುವುದಕ್ಕೆ ನಿನ್ನಂಥ ಹುಚ್ಚನೂ ಇಲ್ಲ."

"ಮತ್ತೇನು ಮಾಡಲಿ?"

ಗುರುಗಳು ಉಸಿರು ಕೂಡಿಸಿಕೊಂಡರು. "ನನ್ನ ವಿಷಯ ಇದ್ದದ್ದು ಇದ್ದ ಹಾಗೆ ಹೇಳು. ಗೌರವ ಬೆರೆಸಬೇಡ."

ಮಧ್ಯಾಹ್ನ ಹುಲುಗಪ್ಪ ರೊಟ್ಟಿ ತಿಂದು ಗೋಡೆಗೆ ಒರಗಿದ್ದ. ಮಗಳು ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಅಂಗಿ ಬೆಳ್ಳಗಾಗಿತ್ತು. ಅವಳ ಕೆನ್ನೆಯೂ.

ಷಡಕ್ಷರಿ ಅವನ ಎದುರಿಗೆ ಕೂತ.

"ಹುಲುಗಪ್ಪಾ, ಗುರುಗಳದು ಮೌನ ಅಲ್ಲ. ಅವರಿಗೆ ಉಸಿರಿಲ್ಲ. ಇದೇ ಸೂರಿನ ಶೀಟು ಕೊಯ್ದು, ಇದೇ ಧೂಳು ಕುಡಿದು, ಎದೆ ಕಲ್ಲಾಗಿದೆ. ಈ ಅಮಾವಾಸ್ಯೆ ದಾಟುವುದಿಲ್ಲ ಎಂದಿದ್ದಾರೆ ಡಾಕ್ಟರು."

ಹುಲುಗಪ್ಪನ ಕಣ್ಣು ತುಂಬಿತು. ಅವನು ನೆಲದ ಮೇಲಿನ ಧೂಳನ್ನು ಬಹಳ ಹೊತ್ತು ನೋಡಿದ.

ಕೊನೆಗೂ ಒಂದು ಮಾತು ಒಳಗಿಳಿಯಿತು ಎಂದುಕೊಂಡ ಷಡಕ್ಷರಿ.

ಹುಲುಗಪ್ಪ ಬಾಗಿ, ಒಂದು ಚಿಟಿಕೆ ಧೂಳು ತೆಗೆದು ಹಣೆಗೆ ಹಚ್ಚಿಕೊಂಡ. ಉಳಿದದ್ದನ್ನು ಮಗಳ ಹಣೆಗೆ ಹಚ್ಚಿದ.

"ಅಜ್ಜಾರು ಉಂಡ ಧೂಳು," ಎಂದ. "ನಮಗ ಬ್ಯಾಡಂದ್ರ ಹೆಂಗ್ರಿ?"

ಷಡಕ್ಷರಿ ಒದ್ದೆ ಬಟ್ಟೆ ತಂದು ಕೂಸಿನ ಹಣೆ ಒರೆಸಹೋದ. ಗಂಗವ್ವ ಅವನ ಕೈ ತಡೆದಳು.

"ಅಳಿಸಬ್ಯಾಡ್ರಿ ಸ್ವಾಮೇರ. ಇರ್ಲಿ. ಕೂಸಿಗೆ ಚೊಲೊ ಆಗ್ಲಿ."

ಸಂಜೆ ಷಡಕ್ಷರಿ ಎಲ್ಲವನ್ನೂ ಹೇಳಿದ. ಗುರುಗಳು ಸುಮ್ಮನಾದರು. ಈ ಸಲ ಅದು ಉಸಿರಿಗಾಗಿ ಅಲ್ಲ ಎಂದು ಅವನಿಗೆ ಗೊತ್ತಾಯಿತು.

ನದಿ ಹರಿಯುತ್ತಿತ್ತು. ದೂರದಲ್ಲಿ ಯಾರೋ ಒಣ ಕಸಬರಿಗೆಯಿಂದ ಗುಡಿಸುವ ಸದ್ದು.

"ನಾನು ಹೋದಾಗ ಅಂತಿಮ ದರ್ಶನಕ್ಕೆ ನನ್ನನ್ನು ಎಲ್ಲಿ ಕೂರಿಸುತ್ತಾರೆ?" ಎಂದರು ಗುರುಗಳು.

"ದಾಸೋಹದ ಮನೆಯಲ್ಲಿ," ಎಂದ ಷಡಕ್ಷರಿ. "ಊರಿಗೆ ಊರೇ ಹಿಡಿಸುವ ಜಾಗ ಅದೊಂದೇ."

"ಹಾಗಾದರೆ ಆ ಧೂಳಿನಲ್ಲಿ ಯಾರೂ ಅಳಬಾರದು ಎಂದು ಹೇಳು ತಮ್ಮಾ. ಅಳುವವರು ಬಾಯಿ ತೆರೆಯುತ್ತಾರೆ."