ತೀರಿಕೊಂಡ ಮೇಷ್ಟ್ರ ಷರತ್ತು

ದಾವಣಗೆರೆಯ ಕಂಪನಿಯೊಂದು ಕನ್ನಡ ನಿಘಂಟಿನ ತಂತ್ರಾಂಶ ಮಾರಲು ಹೊರಟಿತ್ತು. ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಭಾಗ ಮಾತ್ರ ಹೊರಗಿನದು. ಅದನ್ನು ಬರೆದ ತಿಪ್ಪೇಶಪ್ಪ ಮೇಷ್ಟ್ರು ಹೋದ ವರ್ಷ ತೀರಿಕೊಂಡಿದ್ದರು. ಅವರ ಲೈಸೆನ್ಸಿನ ಷರತ್ತು ಒಂದೇ: ಬಳಸಿದವರು ತಮ್ಮ ತಂತ್ರಾಂಶದ ಕೋಡನ್ನೂ ಎಲ್ಲರಿಗೂ ತೆರೆದಿಡಬೇಕು.

"ಸತ್ತವರ ಷರತ್ತು ಯಾಕ್ರೀ? ತೆಗೆದುಹಾಕಿ," ಎಂದರು ಮಾಲೀಕರು.

ಲೈಸೆನ್ಸ್ ನೋಡುವ ಗುಮಾಸ್ತ ಮೇಷ್ಟ್ರ ಹಳೆಯ ಶಿಷ್ಯ. "ಆಗಲಿ ಸರ್. ನಮ್ಮ ಲೈಸೆನ್ಸಿಗೂ ಅದೇ ನಿಯಮ ಹಾಕ್ತೀನಿ, ಷರತ್ತುಗಳು ಮಾಲೀಕರು ಬದುಕಿರೋವರೆಗೆ ಮಾತ್ರ ಅನ್ವಯ ಅಂತ. ಗಿರಾಕಿಗಳು ನಿಮ್ಮ ಆರೋಗ್ಯ ವಿಚಾರಿಸಬಹುದು."

ಮೊನ್ನೆಯಷ್ಟೇ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದ ಮಾಲೀಕರು ಎದೆ ಮುಟ್ಟಿಕೊಂಡರು. "ತೆರೆದೇ ಇಡಿ," ಎಂದರು.

ಬಿಡುಗಡೆಯಾದ ವಾರಕ್ಕೆ, ಕೋಡಿನಲ್ಲಿ ಮೇಷ್ಟ್ರ ಹೆಸರು ಕಂಡ ಬೀದರಿನವರೊಬ್ಬರು ಬರೆದರು: "ತಿಪ್ಪೇಶಪ್ಪನವರೇ, ಳಕಾರದ ಜೋಡಣೆಯಲ್ಲಿ ತಪ್ಪಿದೆ, ನೋಡ್ತೀರಾ?"

ಗುಮಾಸ್ತ ತಪ್ಪು ತಿದ್ದಿದ. ಮೇಷ್ಟ್ರು ಊರಲ್ಲಿಲ್ಲ ಎಂದು ಉತ್ತರಿಸಿದ.