ಗೀಜಗದ ಮರಿ ಸೇರಿದ ಶಾಲೆ

ಗೀಜಗ ಹಕ್ಕಿಯೊಂದಕ್ಕೆ ತಾಯಿಯಿಲ್ಲದ ಒಂದೇ ಮರಿ. ಗೂಡು ಹೆಣೆಯುವುದರಲ್ಲಿ ಅದು ಓರಗೆಯವರನ್ನೆಲ್ಲ ಮೀರಿಸಿತ್ತು. ಮುಂದಿನ ಕಲಿಕೆಗೆ ಒಳ್ಳೆಯ ಶಾಲೆ ಹುಡುಕುತ್ತ ತಂದೆ ಮೊದಲು ಆಲದಮರಕ್ಕೆ ಕರೆದೊಯ್ದಿತು. ಅಲ್ಲಿ ಕೊಂಬೆಕೊಂಬೆಗೂ ಅಂದದ ಗೂಡುಗಳು ತೂಗುತ್ತಿದ್ದವು. ನೆಲದ ಮೇಲೆ ಒಂದೆಳೆ ಹುಲ್ಲೂ ಇರಲಿಲ್ಲ.

“ಮಕ್ಕಳು ತಪ್ಪಾಗಿ ಹೆಣೆದು ಬಿಚ್ಚಿದ ಹುಲ್ಲೆಲ್ಲಿ, ಸ್ವಾಮಿ?” ಎಂದು ತಂದೆ ಕೇಳಿತು.

“ನಮ್ಮಲ್ಲಿ ತಪ್ಪೇ ಆಗುವುದಿಲ್ಲ. ಕಷ್ಟದ ಗಂಟುಗಳನ್ನು ನಾವೇ ಹಾಕಿಕೊಡುತ್ತೇವೆ,” ಎಂದಿತು ಅಲ್ಲಿನ ಗುರು.

ತಂದೆ ನಮಸ್ಕರಿಸಿ, ಮರಿಯೊಡನೆ ಬಾವಿಯ ಮೇಲೆ ಬಾಗಿದ್ದ ಜಾಲಿಮರಕ್ಕೆ ಹಾರಿತು. ಅದರ ಬುಡದ ತುಂಬ ಬಿಚ್ಚಿದ ಹುಲ್ಲು. ಮರಿ ಹೆಣೆದು ತೋರಿಸಿದ ಗೂಡನ್ನು ಅಲ್ಲಿನ ಮುದಿ ಗುರು ಕೊಕ್ಕಿನಿಂದ ಒಮ್ಮೆ ಎಳೆಯಿತು. ಅರ್ಧ ಗೂಡು ಕಳಚಿಬಿತ್ತು.

“ಊರಿಗೆಲ್ಲ ನೀನೇ ಜಾಣನಂತೆ! ಗಾಳಿ ಬೀಸಿದ್ದರೆ ಮೊಟ್ಟೆಗಳೆಲ್ಲ ಬಾವಿಗೆ ಬೀಳುತ್ತಿದ್ದವಲ್ಲಪ್ಪ!”

ತಂದೆ ಮರಿಯನ್ನು ಸಂತೈಸಲು ಮುಂದಾಯಿತು. ಮರಿ ಮಾತ್ರ ಉಳಿದರ್ಧವನ್ನೂ ತಾನೇ ಬಿಚ್ಚಿ, “ಯಾವ ಗಂಟು ಸಡಿಲವಿತ್ತು, ಗುರುಗಳೇ? ಮೊದಲಿನಿಂದ ಹಾಕುತ್ತೇನೆ,” ಎಂದಿತು.

ಗುರು ತಂದೆಯ ಕಡೆ ತಿರುಗಿ, “ನೀವಿನ್ನು ಹೊರಡಿ. ಇವನು ಇಲ್ಲಿರಲಿ,” ಎಂದಿತು.

ತಂದೆ ಒಂಟಿಯಾಗಿ ಹಿಂದಿರುಗಿತು. ಆದರೆ ದಾರಿಯಲ್ಲಿ ಸಿಕ್ಕ ಹಕ್ಕಿಗಳಿಗೆಲ್ಲ, “ನನ್ನ ಮಗ ಇವತ್ತು ತನ್ನ ಗೂಡನ್ನು ತಾನೇ ಬಿಚ್ಚಿದ!” ಎಂದು ಎದೆಯುಬ್ಬಿಸಿ ಹೇಳುತ್ತ ಹೋಯಿತು.