ಬಿಳಿ ರಕ್ತದ ಬಾಡು

"ಕೇಳಿರಪ್ಪೋ, ಕೇಳಿ! ಮಹಾರಾಜರು ಒಪ್ಪುವಂತೆ ಬಾಡಿಲ್ಲದ ಊಟ ಬಡಿಸಬಲ್ಲವರು ಅರಮನೆಗೆ ಬರಬೇಕು. ಮೊದಲು ಮಹಾರಾಜರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಅಡುಗೆಮನೆಯ ಯಜಮಾನಿಕೆ, ಜೊತೆಗೆ ಕೇಳಿದ್ದೊಂದು ವರ. ತಪ್ಪಿದವರಿಗೆ ಹುಣ್ಣಿಮೆಯ ಮರುದಿನ ತಲೆದಂಡ!"

ಬೆಟ್ಟದಸೀಮೆಯ ಊರೂರಿನಲ್ಲೂ ಹೀಗೆ ಡಂಗೂರ ಸಾರಿದರು. ದೊರೆ ಗಂಗಭೂಪಾಲನಿಗೆ ಬೆಳಿಗ್ಗೆ ತಲೆಮಾಂಸ, ಮಧ್ಯಾಹ್ನ ಜಿಂಕೆ, ಸಂಜೆಗೆ ಕಾಡುಕೋಳಿ. ಅವನ ಕಾಲು ಕಂಬದಂತೆ ಬಾತುಕೊಂಡಿತ್ತು. ಹೀಗೇ ತಿಂದರೆ ಬರುವ ದೀವಳಿಗೆ ಕಾಣುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಬಾಡು ಬಿಡಲೇಬೇಕೆಂದು ರಾಣಿ ಹಟ ಹಿಡಿದು ಕೂತಳು. ದೊರೆ ಕೊನೆಗೆ, "ನಾನು ನಾಲಿಗೆ ಪಣಕ್ಕಿಡುತ್ತೇನೆ, ಬರುವವರು ತಲೆ ಪಣಕ್ಕಿಡಲಿ" ಎಂದ. ತಲೆಯಾಸೆ ಇರುವ ಯಾರೂ ಬರಲಾರರು, ತನ್ನ ಊಟ ತನಗೇ ಉಳಿಯುತ್ತದೆ ಎಂಬುದು ಅವನ ಒಳಗಿನ ಲೆಕ್ಕ.

ಆದರೂ ಇಬ್ಬರು ಬಂದರು. ಒಬ್ಬರು ಪಂಡಿತ ವೆಂಕಪ್ಪಯ್ಯ, ಹುಟ್ಟಿದಾಗಿನಿಂದ ಬಾಡು ಮುಟ್ಟದವರು. ಇನ್ನೊಬ್ಬ ಕಾಡಂಚಿನ ಹಳ್ಳಿಯ ಬೇಟೆಗಾರ ಗುರುಮಲ್ಲ. ಅವನ ತಂಗಿ ದೇವೀರಿ ಬೇಡವೆಂದರೂ ಕೇಳದೆ ಹೊರಟಿದ್ದ. ಅವಳು ಬುತ್ತಿ ಕಟ್ಟಿಕೊಂಡು ಹಿಂದೆಯೇ ಬಂದು, ಸಭೆಯ ಕೊನೆಯಲ್ಲಿ ಹೆಂಗಸರ ನಡುವೆ ನಿಂತಳು.

ದೊರೆ ಬಾತ ಕಾಲನ್ನು ದಿಂಬಿನ ಮೇಲಿಟ್ಟು ಕೇಳಿದ. "ಮೈಯೆಲ್ಲ ಮುಳ್ಳು, ಒಳಗೆ ಮಾಂಸ. ಕೊಯ್ದರೆ ಬಿಳಿ ರಕ್ತ ಸುರಿಯುತ್ತದೆ. ಆ ರಕ್ತ ಕೈಗೆ ಅಂಟಿದರೆ ಎಷ್ಟು ನೀರು ಹಾಕಿದರೂ ಹೋಗುವುದಿಲ್ಲ. ಏನದು?"

"ಹಾಲುಗಳ್ಳಿ" ಎಂದರು ಪಂಡಿತರು, ತಡಮಾಡದೆ.

"ಹಾಲುಗಳ್ಳಿಯಲ್ಲಿ ಮಾಂಸ ಎಲ್ಲಿಂದ ಬಂತು ಸ್ವಾಮಿ?" ದೊರೆ ಕೈ ಬೀಸಿದ. ಭಟರು ಪಂಡಿತರನ್ನು ಪಕ್ಕಕ್ಕೆ ನಿಲ್ಲಿಸಿದರು.

ಗುರುಮಲ್ಲ ತಲೆ ಕೆರೆದುಕೊಂಡ. ಮುಳ್ಳು, ಮಾಂಸ ಎಂದ ಕೂಡಲೇ ಅವನಿಗೆ ಹೊಳೆಯ ದಡ ನೆನಪಾಯಿತು. "ಮೊಸಳೆ, ಬುದ್ಧಿ."

"ಮೊಸಳೆಯ ರಕ್ತ ಕೆಂಪು" ಎಂದ ದೊರೆ. ಅವನನ್ನೂ ಹಿಡಿದರು.

ಉತ್ತರ ದೇವೀರಿಯ ಬಾಯಲ್ಲೇ ಇತ್ತು. ಅಣ್ಣ ಅದನ್ನು ಉಂಡವನೇ ಹೊರತು ಹೆಚ್ಚಿದವನಲ್ಲ. ಅವಳು ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು.

"ನಾನು ಹೇಳ್ತೀನಿ, ಬುದ್ಧಿ."

"ಪಣ ಗೊತ್ತಲ್ಲವೇನಮ್ಮ?"

"ಗೊತ್ತು. ಅದು ಎಳೆ ಹಲಸಿನಕಾಯಿ. ಹೆಚ್ಚೋವಾಗ ಸುರಿಯೋ ಹಾಲು ನೀರಿಗೆ ಹೋಗಲ್ಲ. ಅದಕ್ಕೇ ಕೈಗೆ ಮೊದಲೇ ಎಣ್ಣೆ ಹಚ್ಚಿಕೋತೀವಿ."

ದೊರೆ ಕಾಲು ಸರಿಸಿ ಕೂತ. "ಎರಡನೆಯದು. ಬಿತ್ತಿದವರಿಲ್ಲ, ಎಲೆಯಿಲ್ಲ, ಹೂವಿಲ್ಲ. ಹುಳುಗಳು ಕಟ್ಟಿದ ಮನೆಯಲ್ಲಿ ಅಡಗಿರುತ್ತದೆ. ಗುಡುಗಿದರೆ ಹೊರಬರುತ್ತದೆ, ಬರುವಾಗಲೇ ಕೊಡೆ ಹಿಡಿದಿರುತ್ತದೆ."

"ಹುತ್ತದ ಮೇಲೇಳೋ ಅಣಬೆ. ಅವತ್ತೇ ಕಿತ್ತು ಅವತ್ತೇ ಬೇಯಿಸಬೇಕು, ಬುದ್ಧಿ. ಮಾರನೇ ದಿನಕ್ಕೆ ಹುಳ ಬೀಳ್ತದೆ."

ಸಭೆಯಲ್ಲಿ ಗುಸುಗುಸು ಎದ್ದಿತು. ದೊರೆಯ ಮುಖ ಗಂಟಿಕ್ಕಿತು. ಮೂರನೆಯದನ್ನು ಅವನು ನಿಧಾನವಾಗಿ ಹೇಳಿದ. "ನನ್ನ ಮನೆಯಲ್ಲೇ ಒಬ್ಬನಿದ್ದಾನೆ. ಹೊರಗೆ ಹಾಕಿ ಬಾಗಿಲು ಮುಚ್ಚಿದರೆ ಸೂರು ಕಿತ್ತು ಒಳಗೆ ಬರುತ್ತಾನೆ. ಹೊಟ್ಟೆ ತುಂಬ ಉಣಿಸಿದರೆ ನಾಳೆ ಎರಡರಷ್ಟು ಕೇಳುತ್ತಾನೆ. ಯಾರವನು?"

"ಅಳಿಯ" ಎಂದು ಮಂತ್ರಿ ಪಕ್ಕದವರ ಕಿವಿಯಲ್ಲಿ ಉಸುರಿದ. ದೇವೀರಿಗೂ ಮೊದಲು ಹೊಳೆದದ್ದು ಅದೇ. ಆದರೆ ಅಳಿಯನಾದವನು ಸೂರು ಕಿತ್ತು ಬರುವನೇ? ಭಟನೊಬ್ಬ ಹಗ್ಗ ಹಿಡಿದು ಒಂದು ಹೆಜ್ಜೆ ಮುಂದೆ ಬಂದ. ಅಣ್ಣ ತಲೆ ತಗ್ಗಿಸಿದ.

ಆಗ ಅವಳಿಗೆ ಅಪ್ಪನ ನೆನಪು ಬಂತು. ಅಪ್ಪನಿಗೂ ಹೀಗೇ ಕಾಲು ಬಾತಿತ್ತು. ಅವ್ವ ಒಂದೇ ಏಟಿಗೆ ಬಾಡು ನಿಲ್ಲಿಸಿಬಿಟ್ಟಿದ್ದಳು. ಅಪ್ಪ ಹಿತ್ತಲ ಬೇಲಿ ಹಾರಿ ನೆಂಟರ ಮನೆಗೆ ಹೋಗಿ ಮೂರು ಜನರದ್ದು ಉಂಡು ಬಂದಿದ್ದ.

"ಅದು ನಾಲಿಗೆ ಚಪಲ, ಬುದ್ಧಿ" ಎಂದಳು.

ದೊರೆ ತನ್ನ ಬಾತ ಕಾಲನ್ನು ನೋಡಿಕೊಂಡ. "ಹೌದು" ಎಂದ. "ಅವನ ಕೈಗೆ ಸಿಕ್ಕಿ ಮೂವತ್ತು ವರ್ಷವಾಯಿತು. ಅವನನ್ನು ಏನು ಮಾಡಬೇಕು, ಅದನ್ನೂ ಹೇಳು."

"ಓಡಿಸೋಕೆ ಹೋಗಬಾರದು. ಅವನಿಗೊಂದು ದಿನ ಗೊತ್ತು ಮಾಡಬೇಕು. ನಮ್ಮಪ್ಪನಿಗೂ ಕಾಲು ಬಾತಾಗ ನಮ್ಮವ್ವ ಮೊದಲು ಪೂರ್ತಿ ನಿಲ್ಲಿಸಿ ಸೋತ್ಲು, ಆಮೇಲೆ ಭಾನುವಾರ ಮಾತ್ರ ಬಾಡು ಬೇಯಿಸ್ತಿದ್ಲು. ಮಿಕ್ಕ ದಿನ ಅದೇ ಮಸಾಲೆಗೆ ಹಲಸು, ಅಣಬೆ, ಹಿತಕಿದ ಅವರೆ. ಅಪ್ಪ ಒಂದು ತಿಂಗಳು ಬೈದ. ಆಮೇಲೆ ಬೈಯೋದು ಮರೆತ. ಹತ್ತು ವರ್ಷ ಬದುಕಿದ."

"ಏನು ವರ ಬೇಕು?"

"ಅಣ್ಣನ ತಲೆ. ಪಂಡಿತರದೂ."

"ಎರಡಾಯಿತಲ್ಲ!"

"ಒಂದೇ ಹಗ್ಗ ಬಿಚ್ಚಿದರೆ ಇಬ್ಬರೂ ಬಿಡುಗಡೆ, ಬುದ್ಧಿ."

ನಿಜಕ್ಕೂ ಇಬ್ಬರನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ್ದರು. ದೊರೆ ನಕ್ಕ. ಬಿಚ್ಚಿಸಿದ.

ಅಂದಿನಿಂದ ದೇವೀರಿ ಅರಮನೆಯ ಒಲೆಯ ಯಜಮಾನಿಯಾದಳು. ಮೊದಲ ದಿನ ತಟ್ಟೆಗೆ ಬಿದ್ದದ್ದು ಹಲಸೆಂದು ದೊರೆಗೆ ಗೊತ್ತಿತ್ತು, ಅವಳೂ ಮುಚ್ಚಿಡಲಿಲ್ಲ. ಅರ್ಧ ತಿಂದು ತಟ್ಟೆ ನೂಕಿದ. ಎರಡನೆಯ ದಿನ ಬೈದುಕೊಂಡು ಪೂರ್ತಿ ತಿಂದ. ಅರಮನೆಯ ಸುದ್ದಿ ಊರಿಗೆ ಹಬ್ಬಲು ತಡವಾಗಲಿಲ್ಲ. ಮನೆಮನೆಯ ಹೆಂಗಸರು ಗಂಡಂದಿರಿಗೆ, "ದೊರೆಗೇ ಆಗುತ್ತೆ, ನಿಮಗೇನು ಕೇಡು?" ಎಂದು ದಬಾಯಿಸಿ ಅದೇ ಪದ್ಧತಿ ಹಿಡಿದರು. ಕೆಲವು ಮನೆಗಳಲ್ಲಿ ಪಾತ್ರೆ ಹಾರಿದ್ದೂ ಉಂಟು. ದೀವಳಿಗೆ ಬಂದಾಗ ದೊರೆ ಯಾರ ಕೈಯನ್ನೂ ಹಿಡಿಯದೆ ಅರಮನೆಯ ಮೆಟ್ಟಿಲಿಳಿದು ದೀಪ ಹಚ್ಚಿದ.

ಅದರ ಮುಂದಿನ ಭಾನುವಾರ ದೇವೀರಿ ಎಂದಿನಂತೆ ಕುರಿಯ ಬಾಡು ಬಡಿಸಿದಳು. ದೊರೆ ಎರಡು ತುಂಡು ತಿಂದು, ಬೆರಳು ಚೀಪಿ, ತಟ್ಟೆ ಪಕ್ಕಕ್ಕೆ ಸರಿಸಿದ.

"ದೇವೀರಿ, ನಿನ್ನೆಯ ಅವರೆಸಾರು ಏನಾದರೂ ಉಳಿದಿದೆಯೇನಮ್ಮ?"

ಉಳಿದಿರಲಿಲ್ಲ. ಕಾವಲಿನವರು ಬೆಳಿಗ್ಗೆಯೇ ಮುಗಿಸಿದ್ದರು.